ಅಶ್ವತ್ಥಕಟ್ಟೆಯ ಗಾಜು

ದೂರುದಾರರ ಹೆಸರು ರತ್ನವ್ವ, ಗಂಡನ ಹೆಸರು ಶೇಖರಪ್ಪ, ಸ್ವಂತ ಊರು ರೋಣ ತಾಲ್ಲೂಕು, ಹಾಲಿ ವಾಸ ಬೆಂಗಳೂರಿನ ಸಿಂಗಾಪುರ ಬಡಾವಣೆ. ಫೆಬ್ರವರಿ ಹತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಗಂಡನ ಹೆಸರಿನ ಹಿಂದೆ 'ಲೇಟ್' ಅಂತ ಸೇರಿಸಬೇಕೋ ಬೇಡವೋ ತಿಳಿಯದೆ ಪೆನ್ನು ಹಿಡಿದು ಕೂತುಬಿಟ್ಟ. ಶೇಖರಪ್ಪ ತೀರಿಕೊಂಡು ಇನ್ನೂ ಮೂರು ಗಂಟೆ ಆಗಿರಲಿಲ್ಲ.

ಯಲಹಂಕ ಕಡೆಯ ಆ ಸಂಚಾರ ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರ್ ಶಿವಪ್ರಕಾಶ ತಾನೇ ಎದ್ದು ಬಂದು ಆಕೆಗೆ ಕುರ್ಚಿ ಎಳೆದುಕೊಟ್ಟ. ಅಪಘಾತದ ಕೇಸುಗಳನ್ನು ನೋಡಿ ನೋಡಿ ಅವನ ಮನಸ್ಸು ಜಡ್ಡುಗಟ್ಟಿದೆ ಎಂದು ಠಾಣೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಜಡ್ಡುಗಟ್ಟಿದ್ದರೆ ಅವನಿಗೆ ಎಷ್ಟೋ ಸುಖವಿರುತ್ತಿತ್ತು.

ಬೆಂಗಳೂರಿನ ಹಿರಿಯರಲ್ಲಿ ವಾಕಿಂಗ್ ಹೆಸರಿನಲ್ಲಿ ಕಂಡವರ ಕಾಂಪೌಂಡಿನ ಹೂವು ಕೀಳುವ ಒಂದು ಪಂಗಡವೇ ಇದೆ. ಶೇಖರಪ್ಪ ಆ ಪಂಗಡದ ನಿಷ್ಠಾವಂತ ಸದಸ್ಯರು. ನಾಗಸಂದ್ರದ ಹತ್ತಿರದ ಕಾರ್ಖಾನೆಯಲ್ಲಿ ಮೂರು ದಶಕ ದುಡಿದು ಒಂದು ಮೊಳೆಯನ್ನೂ ಮನೆಗೆ ತಾರದ ಮನುಷ್ಯ, ನಿವೃತ್ತರಾದ ಮೇಲೆ ದಿನಾ ನಸುಕಿನಲ್ಲಿ ಕೊಕ್ಕೆ ಕಟ್ಟಿದ ಕೋಲು, ಪ್ಲಾಸ್ಟಿಕ್ ಕವರು ಹಿಡಿದು ಹೊರಡುತ್ತಿದ್ದರು. ಆವತ್ತು ಸಿಂಗಾಪುರ ಕೆರೆಯ ಹತ್ತಿರದ ರಸ್ತೆಯಲ್ಲಿ ಯಾವುದೋ ಕಾರು ಗುದ್ದಿ ಹೋಗಿತ್ತು. ಹಾಲಿನ ವ್ಯಾನಿನವನು ಕಂಡು ಆಸ್ಪತ್ರೆಗೆ ಸಾಗಿಸುವಾಗ ಇನ್ನೂ ಉಸಿರಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು.

ರತ್ನವ್ವ ಅಳುತ್ತಿರಲಿಲ್ಲ. ಆಕೆಗೆ ಒಂದು ಪ್ರಶ್ನೆಯಿತ್ತು.

"ಸಾಹೇಬ್ರ, ನಮ್ಮ ಮನಿಯವರ ತಲಿ ಕೆಳಗ ಯಾರೋ ಅರಬಿ ಮಡಚಿ ಇಟ್ಟಿದ್ರಂತ."

"ಹೌದಮ್ಮಾ. ಕಾರು ಒರೆಸೋ ಹಳದಿ ಬಟ್ಟೆ. ಹಾಲಿನವನು ತಾನಿಟ್ಟಿಲ್ಲ ಅಂತಾನೆ."

"ಹಂಗಾರ ಹೊಡದಾಂವನೇ ಇಟ್ಟಾನ. ಇಳದು ನೋಡ್ಯಾನ. ತಲಿಗೆ ಅರಬಿ ಇಡೋವಷ್ಟು ಕರಳು ಇದ್ದಾಂವ ಬಿಟ್ಟು ಯಾಕ ಹ್ವಾದ? ಅದೊಂದು ನನಗ ತಿಳೀಬೇಕ್ರಿ. ಬ್ಯಾರೆ ಏನೂ ಬ್ಯಾಡ."

ಭಾರತೀಯ ನ್ಯಾಯ ಸಂಹಿತೆಯ ಕಲಂ 281, 106(1) ಮತ್ತು ಮೋಟಾರು ವಾಹನ ಕಾಯ್ದೆಯ ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ಸಾವು ಹೇಗಾಯಿತು ಎನ್ನುವುದಕ್ಕೆ ಕಾಲಂ ಇರುತ್ತದೆ. ಬಿಟ್ಟು ಯಾಕೆ ಹೋದ ಎನ್ನುವುದಕ್ಕೆ ಇರುವುದಿಲ್ಲ.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಸಿಕ್ಕಿದ್ದು ಹಳದಿ ಬಟ್ಟೆ, ಒಡೆದ ಕಪ್ಪು ಪ್ಲಾಸ್ಟಿಕ್ಕಿನ ತುಂಡು, ಸಣ್ಣ ಗಾಜಿನ ಪುಡಿ, ಚೆಲ್ಲಿದ ಕಣಗಿಲೆ ಹೂವು. ಅಪಾರ್ಟ್‌ಮೆಂಟೊಂದರ ಸಿಸಿ ಕ್ಯಾಮೆರಾದಲ್ಲಿ ಮಂಜಿನ ನಡುವೆ ದೊಡ್ಡ ಕಪ್ಪು ಕಾರೊಂದು ಹಾದುಹೋಗಿತ್ತು, ನಂಬರು ಕಾಣಲಿಲ್ಲ. ಪ್ಲಾಸ್ಟಿಕ್ ತುಂಡಿನ ಮೇಲಿದ್ದ ಗುರುತು ಹಿಡಿದು ಹೊರಟರೆ ಅದು ಕೋಟಿ ಮುಟ್ಟುವ ವಿದೇಶಿ ಕಾರಿನದು ಎಂದು ತಿಳಿಯಿತು. ಶಿವಪ್ರಕಾಶ ಆ ಕಂಪನಿಯ ವರ್ಕ್‌ಶಾಪಿಗೆ ಹೋದ.

"ಮುಂದಿನ ಗಾಜು ಒಡೆದ್ರೆ ಎಲ್ಲಿ ಹಾಕಿಸ್ತಾರೆ?"

"ನಮ್ಮಲ್ಲೇ ಸಾರ್," ಎಂದ ಅಲ್ಲಿನ ಮ್ಯಾನೇಜರ್. "ಇದು ಬರೀ ಗಾಜಲ್ಲ. ಕನ್ನಡಿ ಹಿಂದೆ ಕ್ಯಾಮೆರಾ ಇರುತ್ತೆ. ಜನ ಅಡ್ಡ ಬಂದ್ರೆ ಅದು ನೋಡಿ ತಾನೇ ಬ್ರೇಕ್ ಹಾಕುತ್ತೆ. ಗಾಜು ಬದಲಾಯಿಸಿದ್ರೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದೆ ಬೋರ್ಡ್ ಇಟ್ಟು, ಕ್ಯಾಮೆರಾನ ಮತ್ತೆ ಅಳತೆಗೆ ಕೂರಿಸ್ಬೇಕು. ಕೂದಲೆಳೆಯಷ್ಟು ತಪ್ಪಿದ್ರೂ ರೋಡ್ ಬಿಟ್ಟು ಮರ ನೋಡ್ಕೊಂಡು ಕೂತಿರುತ್ತೆ."

"ಈ ವಾರ ಯಾರಾದ್ರೂ ಹಾಕಿಸಿದ್ರಾ?"

"ಇಲ್ಲ ಸಾರ್."

"ತಾನೇ ಬ್ರೇಕ್ ಹಾಕೋ ಕಾರು ಮತ್ಯಾಕೆ ಹಾಕ್ಲಿಲ್ಲ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಮಂಜು ಜಾಸ್ತಿ ಇತ್ತೇನೋ. ಇಲ್ಲಾ ಕ್ಯಾಮೆರಾಗೆ ಏನಾದ್ರೂ ಅಡ್ಡ ಇತ್ತೇನೋ."

ಮೂರ್ನಾಲ್ಕು ದಿನ ತನಿಖೆ ನಿಂತ ನೀರಾಯಿತು. ರತ್ನವ್ವ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು, ಏನೂ ಕೇಳದೆ ಎದ್ದು ಹೋಗುತ್ತಿದ್ದಳು. ಬೈದು ಹೋಗಿದ್ದರೆ ವಾಸಿ ಎನಿಸುತ್ತಿತ್ತು ಶಿವಪ್ರಕಾಶನಿಗೆ.

ಶನಿವಾರ ಬೆಳಿಗ್ಗೆ ಹೆಡ್ ಕಾನ್‌ಸ್ಟೆಬಲ್ ಸೊಣ್ಣಪ್ಪನ ಫೋನು ಬಂತು. ಸೊಣ್ಣಪ್ಪ ಆ ಕಡೆಯ ಹಳೇ ಊರಿನವನು. ಅವನ ಮನೆಯ ಲಕ್ಷ್ಮಿ ಫೋಟೋ ಬಿದ್ದು ಒಡೆದಿತ್ತು. ಒಡೆದ ದೇವರನ್ನು ಕಸಕ್ಕೆ ಹಾಕುವ ಎದೆ ಈ ಊರಿನಲ್ಲಿ ಯಾರಿಗೂ ಇಲ್ಲ. ಎಲ್ಲರೂ ತಂದು ಅಶ್ವತ್ಥಕಟ್ಟೆಯ ಮೇಲಿಟ್ಟು, ಕೈಮುಗಿದು, ಹಿಂದಿರುಗಿ ನೋಡದೆ ಹೋಗುತ್ತಾರೆ. ಸೊಣ್ಣಪ್ಪನೂ ಅದೇ ಕೆಲಸಕ್ಕೆ ಹೋಗಿದ್ದ.

"ಸಾ, ಬೇಗ ಬನ್ನಿ. ಇಲ್ಲಿ ಒಂದು ಮುನೇಶ್ವರ ಐತೆ. ಫ್ರೇಮ್ ಇಲ್ಲ, ಗಾಜು ಬಾಗೈತೆ. ಇದು ಫೋಟೋ ಗಾಜಲ್ಲ ಸಾ, ಕಾರಿಂದು."

ಶಿವಪ್ರಕಾಶ ಬೂಟು ಬಿಚ್ಚಿ ಕಟ್ಟೆ ಹತ್ತಿದ. ಫ್ರೇಮು ಕಳೆದುಕೊಂಡ ಗಣಪತಿ, ಮಸಿ ಹಿಡಿದ ವೆಂಕಟರಮಣ, ಹಳೇ ಕ್ಯಾಲೆಂಡರಿನ ಶಾರದೆಯ ನಡುವೆ ಅಂಗೈ ಎರಡರಷ್ಟು ಅಗಲದ ದಪ್ಪ ಗಾಜು. ಕಾರಿನ ಮುಂದಿನ ಗಾಜಿನ ಮೇಲ್ಭಾಗದಿಂದ ಕತ್ತರಿಸಿ ತೆಗೆದದ್ದು. ಜೇಡರಬಲೆಯಂತೆ ಬಿರುಕು. ಕಪ್ಪು ಅಂಚಿನ ನಡುವೆ ಕ್ಯಾಮೆರಾ ನೋಡಲೆಂದು ಬಿಟ್ಟ ಒಂದು ಪುಟ್ಟ ಕಿಟಕಿ. ಆ ಕಿಟಕಿಗೆ ಸರಿಯಾಗಿ, ಗರ್ಭಗುಡಿಯಲ್ಲಿ ಕೂರಿಸಿದ ಹಾಗೆ, ಹೊರಮೈಗೆ ಅಂಟಿಸಿದ ಮುನೇಶ್ವರನ ಸ್ಟಿಕರ್. ಸ್ಟಿಕರಿನ ಅಂಚಿನಡಿ, ಬಿರುಕಿನಲ್ಲಿ ಸಿಕ್ಕಿಕೊಂಡು, ಎರಡು ಬಿಳಿ ಕೂದಲು.

ಪಂಚರು ದೇವರ ಗಾಜನ್ನು ಮುಟ್ಟಲು ಹಿಂದೆಮುಂದೆ ನೋಡಿದರು. ಶಿವಪ್ರಕಾಶನೇ ಎತ್ತಿಕೊಂಡ. ಪಂಚನಾಮೆ ಮಾಡಿ, ಸೀಲು ಹಾಕಿ, ಪರೀಕ್ಷೆಗೆಂದು ಎಫ್‌ಎಸ್‌ಎಲ್‌ಗೆ ಕಳಿಸಿದರು. ಕಾರು ಯಾಕೆ ನಿಲ್ಲಲಿಲ್ಲ ಎನ್ನುವುದು ಅವನಿಗೆ ಆಗಲೇ ಹೊಳೆದಿತ್ತು. ಹೊಳೆದದ್ದಕ್ಕೆ ಸಂತೋಷವಾಗಲಿಲ್ಲ.

ಗಾಜಿನ ಫೋಟೋ ಹಿಡಿದು ಯಶವಂತಪುರ, ಹೆಬ್ಬಾಳದ ಕಾರು ಗಾಜಿನ ಅಂಗಡಿಗಳನ್ನೆಲ್ಲ ಸುತ್ತಿದರು. ಸೋಮವಾರ ಆರ್.ಟಿ. ನಗರದ ಮುಜಫ್ಫರ್ ಫೋಟೋ ನೋಡಿದವನೇ ಕೈಲಿದ್ದ ಚಹಾ ಲೋಟ ಕೆಳಗಿಟ್ಟ.

"ನಾನೇ ಕಟ್ ಮಾಡಿದ್ದು ಸಾರ್."

"ಯಾರ ಕಾರು?"

"ವಿದ್ಯಾರಣ್ಯಪುರದ ಬಿಲ್ಡರ್ ಅನಂತರಾಜು ಅವ್ರದ್ದು. ಲಾರಿಯಿಂದ ಕಲ್ಲು ಬಿತ್ತು ಅಂದ್ರು. ಕ್ಯಾಮೆರಾ ಸೆಟ್ಟಿಂಗ್ ನಮ್ಮಲ್ಲಿ ಆಗಲ್ಲ, ಕಂಪನೀಲಿ ಮಾಡಿಸ್ಲೇಬೇಕು ಅಂದೆ. ಆಮೇಲೆ ನೋಡೋಣ ಅಂದ್ರು. ಹಳೇ ಗಾಜು ಪುಡಿ ಮಾಡಿ ಸ್ಕ್ರ್ಯಾಪಿಗೆ ಹಾಕು ಅಂದ್ರು."

"ಮತ್ತೆ ಈ ತುಂಡು?"

"ಜೊತೆಗೆ ಅವ್ರ ತಾಯಿ ಬಂದಿದ್ರು. ಮಗ ಫೋನಲ್ಲಿ ಮಾತಾಡ್ತಾ ಆಚೆ ಹೋದಾಗ, ದೇವ್ರನ್ನ ಗುಜರಿಗೆ ಹಾಕ್ತಾರೇನಪ್ಪಾ, ಅಷ್ಟು ಕತ್ತರಿಸಿ ಕೊಡು ಅಂದ್ರು. ದೇವ್ರ ಪಟದ ಮೇಲೆ ಸುತ್ತಿಗೆ ಹಾಕೋಕೆ ನನಗೂ ಮನಸ್ಸು ಬರ್ಲಿಲ್ಲ ಸಾರ್."

ಸಾಕ್ಷ್ಯವನ್ನು ಪುಡಿ ಮಾಡಿಸುವ ಬುದ್ಧಿ ಮಗನಿಗಿತ್ತು. ಆ ಪುಡಿಯಿಂದ ದೇವರನ್ನು ಉಳಿಸಿಕೊಳ್ಳುವ ಭಕ್ತಿ ತಾಯಿಗಿತ್ತು. ಪೊಲೀಸರ ಪಾಲಿಗೆ ಬಂದದ್ದು ಅಷ್ಟೇ.

ಅನಂತರಾಜು ಮನೆಯ ಮುಂದೆ ಕಾರು ನಿಂತಿತ್ತು. ಹೊಸ ಗಾಜು, ಚಕ್ರದ ಬಳಿ ತುಳಿದು ಚಪ್ಪಟೆಯಾದ ನಿಂಬೆಹಣ್ಣು. ಬಾಗಿಲು ತೆಗೆದ ವೆಂಕಟಲಕ್ಷ್ಮಮ್ಮ ಪೊಲೀಸರನ್ನು ಕಂಡು ಗಾಬರಿಯಾದರೂ, ಕಾಫಿ ಕುಡಿಯದೆ ಮಾತಿಲ್ಲ ಅಂದಳು. ನಲವತ್ತು ದಾಟಿದ ಮಗ ಮಹಡಿಯಿಂದ ಇಳಿದು ಬಂದ. ಶಿವಪ್ರಕಾಶ ಫೋಟೋ ಮುಂದಿಟ್ಟ.

"ಅಯ್ಯೋ, ನಮ್ ಮುನೇಶ್ವರ!" ಎಂದಳು ತಾಯಿ. "ನಾನೇ ಕಟ್ಟೆ ಮೇಲೆ ಇಟ್ ಬಂದೆ. ಅದ್ಕೂ ಕೇಸಾ ಸ್ವಾಮಿ?"

ಅನಂತರಾಜುವಿನ ಮುಖ ಸುಣ್ಣದಂತಾಯಿತು. "ಅಮ್ಮಾ, ನೀನು ಒಳಗೆ ಹೋಗು," ಎಂದ. ಆಮೇಲೆ ಮೆಲ್ಲಗೆ, "ಠಾಣೆಗೆ ಹೋಗೋಣ ಸಾರ್. ಇಲ್ಲಿ ಬೇಡ. ಎಲ್ಲಾ ಹೇಳ್ತೀನಿ," ಎಂದ. ಕಾರನ್ನು ಜಪ್ತಿ ಮಾಡಿದರು.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು.

"ಆವತ್ತು ಏನಾಯ್ತು?"

"ಸೈಟಿಗೆ ಹೋಗ್ತಿದ್ದೆ. ಫೋನ್ ನೋಡ್ತಿದ್ದೆ. ಆ ಕಾರು ಎರಡು ಸಲ ತಾನೇ ನಿಂತು ನನ್ನ ಕಾಪಾಡಿತ್ತು ಸಾರ್. ಅದೇ ಧೈರ್ಯ."

"ಕ್ಯಾಮೆರಾಗೆ ಸ್ಟಿಕರ್ ಅಡ್ಡ ಇದ್ದದ್ದು ಗೊತ್ತಿತ್ತಾ?"

"ಗೊತ್ತಿತ್ತು. ಸಂಕ್ರಾಂತಿ ದಿನ ಅಮ್ಮ ಅಂಟಿಸಿದ್ರು. ಕಂಪನಿಯವ್ರೇ ದೇವ್ರಿಗೆ ಜಾಗ ಬಿಟ್ಟವ್ರೆ ನೋಡೋ ಅಂತ ಖುಷಿಪಟ್ರು. ಮಾರನೇ ದಿನದಿಂದ ಸ್ಕ್ರೀನ್ ಮೇಲೆ ಬರ್ತಿತ್ತು, ಕ್ಯಾಮೆರಾಗೆ ಅಡ್ಡ ಇದೆ ಅಂತ. ದಿನಾ ಓಕೆ ಒತ್ತಿಬಿಡ್ತಿದ್ದೆ. ನನ್ನ ತಮ್ಮ ಹೆಬ್ಬಾಳದಲ್ಲಿ ಬೈಕಿಂದ ಬಿದ್ದು ತೀರ್ಕೊಂಡ. ಅವನ ಗಾಡಿಗೆ ದೇವ್ರ ಪಟ ಅಂಟಿಸ್ಲಿಲ್ಲ ಅಂತ ಅಮ್ಮ ಇವತ್ತಿಗೂ ಅಳ್ತಾರೆ. ಅವ್ರು ಅಂಟಿಸಿದ್ದನ್ನ ಯಾವ ಕೈಲಿ ಕೀಳ್ಲಿ?"

"ಇಳಿದು ನೋಡಿದ್ರಾ?"

"ನೋಡಿದೆ. ತಲೆ ಕೆಳಗೆ ಬಟ್ಟೆ ಇಟ್ಟೆ. ಅವ್ರು ಕಣ್ಣು ಬಿಟ್ಟು, ಹೂವು ತುಳೀಬ್ಯಾಡ್ರಿ ಅಂದ್ರು. ಆಂಬುಲೆನ್ಸಿಗೆ ಅಂತ ಫೋನ್ ತೆಗೆದೆ. ತಲೆ ಎತ್ತಿದ್ರೆ ಒಡೆದ ಗಾಜಿನ ಮೇಲೆ ಮುನೇಶ್ವರ. ಕಂಪನಿಯವ್ರು ಬಂದು ನೋಡ್ತಾರೆ, ನಿಮ್ಮಮ್ಮ ಅಂಟಿಸಿದ್ದಕ್ಕೇ ಕಾರು ನಿಲ್ಲಲಿಲ್ಲ ಅಂತಾರೆ. ಅದು ಗೊತ್ತಾದ್ರೆ ಅಮ್ಮ ಬದುಕಲ್ಲ ಅನಿಸ್ತು. ಫೋನ್ ಜೇಬಿಗೆ ಹಾಕ್ಕೊಂಡೆ."

"ಬೇಗ ಬಂದಿದ್ರೆ ಉಳೀತಿದ್ರು ಅಂದ್ರು ಡಾಕ್ಟರು."

ಅನಂತರಾಜು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ತಪ್ಪು ನಂದೇ ಸಾರ್. ಎಲ್ಲಾ ಒಪ್ಕೋತೀನಿ. ಸ್ಟಿಕರ್ ವಿಷ್ಯ ಒಂದು ಬಿಟ್ಟುಬಿಡಿ."

ಶಿವಪ್ರಕಾಶನಿಗೆ ಸಿಟ್ಟು ಬಂತು. ಈ ಮನುಷ್ಯ ತಾಯಿಯ ಮನಸ್ಸನ್ನು ಕಾಯಲು ಹೋಗಿ ಇನ್ನೊಬ್ಬಳ ಗಂಡನನ್ನು ರಸ್ತೆಯಲ್ಲಿ ಬಿಟ್ಟು ಬಂದಿದ್ದ. "ಬಿಡೋಕಾಗಲ್ಲ ರೀ," ಎಂದ. ಸಾಕ್ಷ್ಯನಾಶದ ಕಲಂ 238 ಸೇರಿಸಿ, ಸಂಜೆ ಐದಕ್ಕೆ ದಸ್ತಗಿರಿ ತೋರಿಸಿದರು.

ಮಗನಿಗೆ ಊಟದ ಡಬ್ಬಿ ತಂದ ವೆಂಕಟಲಕ್ಷ್ಮಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಶಿವಪ್ರಕಾಶ ರತ್ನವ್ವನನ್ನು ಕರೆಸಿದ. ಆಕೆ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತ್ತು. ಒಂದನ್ನೂ ಮುಚ್ಚಿಡದೆ ಹೇಳಿದ. ಹೂವಿನ ಮಾತು ಬಂದಾಗ ಆಕೆ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. ಕೊನೆಯವರೆಗೂ ಕೇಳಿ ಎದ್ದು ನಿಂತಳು.

"ಅವರವ್ವಗ ನೋವಾಗ್ತೈತಿ ಅಂತ ನನ್ನ ಗಂಡನ್ನ ಸಾಯಾಕ ಬಿಟ್ಟು ಹ್ವಾದ?"

ಶಿವಪ್ರಕಾಶ ಹೌದೆಂದು ತಲೆಯಾಡಿಸಿದ.

"ಆಕಿ ಎಲ್ಲಿ ಅದಾಳ್ರಿ? ಹೊರಗ ಡಬ್ಬಿ ಹಿಡ್ಕೊಂಡು ಕುಂತಾಕೀನ? ನಾ ಹೇಳ್ತೀನಿ ಆಕೀಗೆ. ನೀ ಅಂಟಿಸಿದ್ದಕ್ಕ ನನ್ನ ಗಂಡ ಹ್ವಾದ ಅಂತ ಹೇಳೇ ಹೇಳ್ತೀನಿ. ಯಾಕ ಹೇಳಬಾರದು?"

ತಡೆಯುವ ಹಕ್ಕು ಅವನಿಗಿರಲಿಲ್ಲ. ಆಕೆಯ ಹಿಂದೆಯೇ ಬಾಗಿಲತನಕ ಬಂದು ನಿಂತ.

ಬೆಂಚಿನ ಮೇಲಿದ್ದ ವೆಂಕಟಲಕ್ಷ್ಮಮ್ಮ, ಕುಂಕುಮವಿಲ್ಲದ ಆ ಹಣೆ ನೋಡಿದವಳೇ ಊಟದ ಡಬ್ಬಿ ಪಕ್ಕಕ್ಕಿಟ್ಟು ಎದ್ದಳು. ರತ್ನವ್ವನ ಎರಡೂ ಕೈ ಹಿಡಿದುಕೊಂಡಳು.

"ನೀನೇ ಏನವ್ವಾ? ಯಾವ ಮೊಕ ಇಟ್ಕೊಂಡು ಮಾತಾಡ್ಲಿ. ಒಬ್ಬ ಮಗನ್ನ ಇಂಗೇ ರೋಡಲ್ಲಿ ಕಳ್ಕೊಂಡೋಳು ನಾನು. ಆವತ್ತೂ ಯಾರೋ ನೋಡಿ ಬಿಟ್ಟೋದ್ರು. ಇವ್ನು ಅಂಥೋನಲ್ಲ ಕಣವ್ವ. ನಾಯಿಗೆ ಏಟಾದ್ರೂ ಗಾಡಿ ನಿಲ್ಸೋನು. ಯಾಕವ್ವ ಬಿಟ್ ಬಂದ? ನಿಂಗಾದ್ರೂ ಏಳಿದ್ರಾ?"

ರತ್ನವ್ವನ ಬಾಯಿ ತೆರೆಯಿತು. ಸೊಣ್ಣಪ್ಪ ಎತ್ತಲೋ ನೋಡತೊಡಗಿದ.

"ಅಂಜಿದ್ನಂತ್ರಿ," ಎಂದಳು ರತ್ನವ್ವ.

"ಯಾರ್ಗೆ? ಪೊಲೀಸ್ರಿಗಾ?"

ರತ್ನವ್ವ ಹಿಡಿದ ಕೈಗಳನ್ನೇ ನೋಡಿದಳು. ಬಿಡಿಸಿಕೊಳ್ಳಲಿಲ್ಲ. ಅದೇ ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ವೆಂಕಟಲಕ್ಷ್ಮಮ್ಮನೂ ಕೂತಳು.

ಶಿವಪ್ರಕಾಶ ಒಳಗೆ ಹೋಗಿ ಕೇಸ್ ಡೈರಿ ಎಳೆದುಕೊಂಡ. ವಾಹನದ ಮುಂಗಾಜಿನ ಕ್ಯಾಮೆರಾಗೆ ಆರೋಪಿಯ ತಾಯಿ ಅಂಟಿಸಿದ್ದ ದೇವರ ಚಿತ್ರ ಅಡ್ಡವಾಗಿತ್ತು, ಅದು ಆರೋಪಿಗೆ ತಿಳಿದಿತ್ತು ಎಂಬ ಸಾಲು ಬರೆಯಲೇಬೇಕಿತ್ತು. ಮುಂದೊಂದು ದಿನ ಆ ಸಾಲನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಆವತ್ತು ತಾಯಿ ಅಲ್ಲೇ ಕೂತಿರುತ್ತಾಳೆ. ಹೊರಗೆ ಇಬ್ಬರಲ್ಲಿ ಯಾರೋ ಅಳುತ್ತಿದ್ದರು, ಯಾರೆಂದು ಅವನಿಗೆ ತಿಳಿಯಲಿಲ್ಲ. ಅವನು ಬರೆದ.