ಹ್ಯಾಂಡಲ್ ಹೊಡೆದ ಕೈ

"ದಬ್ಬಿಕೊಂಡು ಎಲ್ಲಿಗಾದ್ರೂ ಒಯ್ಯಿ ತಮ್ಮಾ. ಆ ಹ್ಯಾಂಡಲ್ ಮಾತ್ರ ಹೊಡೀಬೇಡ."

ಹಳೆ ಕಾರುಗಳ ಮ್ಯೂಸಿಯಮ್ಮಿನಲ್ಲಿ ಮೂವತ್ತು ವರ್ಷ ಧೂಳು ಒರೆಸಿದ ಮುದುಕ ಹೀಗೆಂದಾಗ, ಕೆಲಸಕ್ಕೆ ಸೇರಿ ಮೂರೇ ದಿನವಾಗಿದ್ದ ಮೆಕ್ಯಾನಿಕ್ ಕಿಸಕ್ಕನೆ ನಕ್ಕ. ಮೂಲೆಯ ಆ ಕಪ್ಪು ಕಾರನ್ನು ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ತಿರುಗಿಸಿಯೇ ಎಬ್ಬಿಸಬೇಕು. ಹ್ಯಾಂಡಲ್ಲಿಗೆ ಯಾರದೋ ಉದ್ದ ಕೂದಲು ಸುತ್ತಿ ಏಳು ಗಂಟು ಬಿಗಿದಿದ್ದರು.

ಮುದುಕ ದನಿ ತಗ್ಗಿಸಿದ. "ಇದರ ಡ್ರೈವರಿಗೆ ಮೈ ಸುಡೋ ಜ್ವರ. ಧಣಿ ಬಿಡ್ಲಿಲ್ಲ, ಕಾರು ಎಬ್ಬಿಸು ಅಂದ. ಹ್ಯಾಂಡಲ್ ಒದ್ದು ಎದೆಗೆ ಬಡೀತು, ಅಲ್ಲೇ ಹೋದ. ಮನೇಲಿ ಹಸುಗೂಸು. ಹೆಂಡ್ತಿ ತನ್ನ ಕೂದಲು ಕಿತ್ತು ಕಟ್ಟಿ ಮಾಟ ಮಾಡಿದ್ಳು. ಇದನ್ನ ಎಬ್ಬಿಸಿದ ಕೈ ತನ್ನ ಮಗೂನ ಎತ್ತದೇ ಹೋಗ್ಲಿ ಅಂತ."

"ಅಡಗೂಲಜ್ಜಿ ಕತೆ ಸಾಕು ತಾತ!"

ನಾಲ್ಕು ವರ್ಷದ ಮಗಳಿಗೆ ಮೆಕ್ಯಾನಿಕ್ ಮಾತು ಕೊಟ್ಟಿದ್ದ. ಮಧ್ಯಾಹ್ನ ಅಮ್ಮನ ಜೊತೆ ಬಂದರೆ ಕಾರು ಗುರ್ರೆನ್ನಿಸಿ ತೋರಿಸುತ್ತೇನೆಂದು. ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ ಅವನ ತೋಳಿಗೆ ಹಾರುವ ಮಗಳು. ಅವಳಿಗೆ ಇಲ್ಲವೆನ್ನುವುದುಂಟೆ? ಚಾಕುವಿನಿಂದ ಗಂಟು ಕೊಯ್ದ. ಪೆಟ್ರೋಲ್ ಸುರಿದು, ಬಾನೆಟ್ ತೆರೆದಿಟ್ಟ. ಮುದುಕ ಧೂಳೊರೆಸುವ ಬಟ್ಟೆ ಬಿಸಾಕಿ ಹೊರಗೋಡಿದ.

ಬಲಗೈಗೆ ಎಂಜಿನ್ ಜಗ್ಗಲಿಲ್ಲ. ಎರಡೂ ಕೈ ಹಾಕಿ ತಿರುಗಿಸಿದ. ಕೆಮ್ಮಿತು. ಮತ್ತೊಂದು ಸುತ್ತು. ಎದ್ದಿತು! ನೆಲ ಅದುರಿತು, ಹಳೆ ಚರ್ಮದ ಮುಗ್ಗಲಿನ ನಡುವೆ ಸುಟ್ಟ ಕೂದಲಿನ ಕಮಟು ಗಂಟಲಿಗಿಳಿಯಿತು. ಗೆದ್ದೆನೆಂದು ಹ್ಯಾಂಡಲ್ ಕಿತ್ತು ಕೆಳಗೆಸೆದ.

ಬಲಗೈ ನಿಲ್ಲಲಿಲ್ಲ.

ಬರಿ ಗಾಳಿಯಲ್ಲೇ ತಿರುಗುತ್ತಿತ್ತು. ಸುತ್ತು, ಮತ್ತೆ ಸುತ್ತು. ಎಡಗೈಯಿಂದ ಅದುಮಿದ. ಜಗ್ಗಲಿಲ್ಲ. ಸ್ವಿಚ್ ಆರಿಸಿದ. ಎಂಜಿನ್ ಆರಲಿಲ್ಲ.

"ಅಪ್ಪಾ!"

ಬಾಗಿಲಿನಿಂದ ಮಗಳು ಓಡಿಬಂದಳು, ಎರಡೂ ತೋಳು ಚಾಚಿ.

"ಬರಬೇಡ ಕಣೇ! ಹಿಡ್ಕೊಳ್ಳೇ ಅವಳನ್ನ!" ಎಂದು ಅವಳ ಹಿಂದೆ ಬಾಗಿಲಲ್ಲಿದ್ದ ಹೆಂಡತಿಗೆ ಚೀರಿದ. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೈ ತಾನಾಗಿ ಬೆರಳು ಬಿಡಿಸಿತು. ಮಗಳ ಜಡೆಯತ್ತ ಚಾಚಿತು. ಜಡೆ ತಾಕಿತು. ಬೆರಳು ಮಡಚತೊಡಗಿದವು. ಯೋಚಿಸಲು ಹೊತ್ತಿರಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ಆ ಕೈಯನ್ನು ತೆರೆದ ಬಾನೆಟ್ಟಿನೊಳಗೆ ತಿರುಗುವ ಎಂಜಿನ್ನಿನ ಫ್ಯಾನಿಗೆ ನೂಕಿದ.

ಎಂಜಿನ್ ತಾನಾಗಿ ಆರಿತು.

ಆಸ್ಪತ್ರೆಯಲ್ಲಿ ಮೂರನೆಯ ದಿನ ಮಗಳು ಮಂಚದ ಬಳಿ ಬಂದಳು. ಬಲಗಡೆಯ ಬ್ಯಾಂಡೇಜ್ ಮೊಣಕೈಗೇ ಮುಗಿದಿತ್ತು. ಹೋದರೆ ಹೋಗಲಿ, ಮಗಳು ಉಳಿದಳಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು.

"ಅಪ್ಪಾ, ಎತ್ಕೋ."

ಎಡಗೈ ಚಾಚಹೋದ. ಹೊದಿಕೆಯ ಕೆಳಗೆ ಅದು ಆಗಲೇ ಮೆಲ್ಲಗೆ ತಿರುಗುತ್ತಿತ್ತು.

ಅದನ್ನು ತೊಡೆಯ ಕೆಳಗೆ ಒತ್ತಿ ಹಿಡಿದ. "ಬೇಡ ಪುಟ್ಟಾ," ಎಂದ, "ಅಮ್ಮನ ಹತ್ರ ಹೋಗು."