ಎದ್ದು ಹೋಗು ಅನ್ನುವ ಕಾಫಿ

ಮ್ಲಾಡೆನ್ ನಮ್ಮ ಅಂಗಳಕ್ಕೆ ಕಾಲಿಟ್ಟ ದಿನವೇ ನಾನು ಅವನಿಗೆ ಸಿಕ್ತೆರುಶಾ ಕೊಟ್ಟೆ. ನಮ್ಮ ಬೋಸ್ನಿಯಾದಲ್ಲಿ ಬಂದವರಿಗೆ ಮೊದಲು ಬರಮಾಡಿಕೊಳ್ಳುವ ಕಾಫಿ, ಆಮೇಲೆ ಹರಟೆಯ ಕಾಫಿ. ಅಷ್ಟಾದರೂ ಜಾಗ ಖಾಲಿ ಮಾಡದಿದ್ದರೆ ಸಿಕ್ತೆರುಶಾ. ಕುಡಿದು ಎದ್ದು ಹೋಗು ಎಂದರ್ಥ. ಮೊದಲಿನ ಎರಡನ್ನೂ ನಾನು ಬೇಕೆಂದೇ ಹಾರಿಸಿದ್ದೆ.

ಅವನು ನೆಲಬಾಂಬ್ ತೆಗೆಯುವ ತಂಡದ ಮುಖ್ಯಸ್ಥ. ಬೆಟ್ಟದಾಚೆಯ ಸರ್ಬರ ಹಳ್ಳಿಯವನು, ನಮ್ಮದು ಮುಸ್ಲಿಮರ ಹಳ್ಳಿ. ಯುದ್ಧದಲ್ಲಿ ಆ ಬೆಟ್ಟದಿಂದಲೇ ನಮ್ಮ ಮೇಲೆ ಗುಂಡು ಬೀಳುತ್ತಿದ್ದುದು. ಯುದ್ಧ ಮುಗಿದು ವರ್ಷಗಳಾದರೂ ನಮ್ಮ ಹೊಲಕ್ಕೆ ತಲೆಬುರುಡೆ ಚಿತ್ರದ ಕೆಂಪು ಫಲಕಗಳದೇ ಕಾವಲು. ಈ ವಸಂತದಲ್ಲಿ ಮೆಕ್ಕೆಜೋಳ ಬಿತ್ತದಿದ್ದರೆ ಹೊಲ ಮಾರುವುದೇ ಸೈ ಎಂದು ಆಸ್ಟ್ರಿಯಾದಲ್ಲಿದ್ದ ಅಣ್ಣ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ. ನನಗೆ ಅದು ಬಿಟ್ಟರೆ ಬೇರೆ ಬದುಕಿರಲಿಲ್ಲ.

"ತೊರೆ ಪಕ್ಕದ ನೆಲದ ಪಟ್ಟೀಲಿ ಬಾಂಬ್ ತೆಗ್ದು ಇನ್ನೂ ಆಗಿಲ್ಲ. ಅಲ್ಲಿ ಕಾಲಿಡ್ಬೇಡಿ, ಅಲ್ಮಾಸಾ ಅವ್ರೇ," ಎಂದ.

"ನಿಮ್ಮೋರೇ ಬಿತ್ತಿದ್ದು ತಾನೇ? ಬೇಗ ಬೇಗ ಕೊಯ್ಕೊಂಡು ಹೋಗು."

ಅವನು ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದ. "ಇನ್ನೊಂದು ಕೊಡಿ."

"ಅದು ಯಾವ ಕಾಫಿ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ನಮ್ಮಮ್ಮನೂ ಕೊಡ್ತಾಳೆ. ಆದ್ರೆ ಸಿಕ್ತೆರುಶಾ ಆದ್ಮೇಲೆ ಕೊಡೋದು ಮತ್ತೆ ಬರಮಾಡ್ಕೊಳ್ಳೋ ಕಾಫಿನೇ ಅಲ್ವಾ?"

ಕಣ್ಣಂಚಿನಲ್ಲಿ ನಗು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ, ಯಾಕೋ, ಒಲೆ ಹಚ್ಚಿದೆ.

ಆಮೇಲೆ ದಿನಾ ಸಂಜೆ ಬಂದ, ದಿನಾ ಬೈದು ಓಡಿಸಿದೆ. ಮೊಣಕಾಲಿನ ಮಣ್ಣು ಕೂಡ ಕೊಡವದೆ ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಬಗ್ಗಿ ಕಾಫಿ ಸುರಿಯುವಾಗ ನನ್ನನ್ನೇ ನೋಡುವುದು, ತಲೆಯೆತ್ತಿದರೆ ಸೂರಿನ ಹಂಚು ಎಣಿಸುವುದು. ಒಳಗಿನಿಂದ ಅಮ್ಮ ಪಾತ್ರೆ ಕುಕ್ಕುತ್ತಿದ್ದಳು. ಅವನು ತಡಮಾಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು.

ಏಪ್ರಿಲ್ ಮುಗಿಯುತ್ತ ಬಂತು. ತೊರೆ ಪಕ್ಕದ ಪಟ್ಟಿ ಹಾಗೇ ಇತ್ತು.

"ಬೇಕಂತ್ಲೇ ಎಳೀತಿದ್ದೀಯ!" ಬೇಲಿಯ ಬಳಿ ನಿಂತು ಕೂಗಾಡಿದೆ. "ಹೂತಿಟ್ಟ ಜಾಗ ನಿಮ್ಮೋರಿಗೇ ಮರ್ತೋಯ್ತಾ?"

ಅವನು ಹೆಲ್ಮೆಟ್ ತೆಗೆದ. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

"ತೊರೆ ಹತ್ರ ಇಟ್ಟಿದ್ದು ನಮ್ಮೋರಲ್ಲ, ನಿಮ್ಮೋರು. ನನ್ನ ತಮ್ಮನ ಕಾಲು ಹೋಗಿದ್ದು ಅಲ್ಲೇ."

"ಮತ್ಯಾಕೆ ತೆಗೀತಿದ್ದೀಯ?" ಎಂದೆ.

"ನೀವು ಜೋಳ ಬಿತ್ಬೇಕು ಅಂದ್ರಲ್ಲ, ಅದಕ್ಕೆ." ಆಮೇಲೆ ಜಗಳಕ್ಕೆ ಬಂದವನ ಹಾಗೆ ಹೇಳಿದ: "ನೀನಂದ್ರೆ ಇಷ್ಟ. ಏನ್ಮಾಡ್ಲಿ? ಬೇರೆ ಯಾರನ್ನಾದ್ರೂ ಇಷ್ಟಪಡೋಣ ಅಂತ ನೋಡ್ದೆ, ಆಗ್ಲಿಲ್ಲ."

ಬೆನ್ನು ತಿರುಗಿಸಿ ಮನೆಗೆ ಬಂದೆ. ಅಂದು ಸಂಜೆ ಅವನು ಬರಲಿಲ್ಲ, ಮರುದಿನವೂ ಇಲ್ಲ.

ಆ ಪಟ್ಟಿಯೂ ಮುಗಿದು ಹೊಲ ಒಪ್ಪಿಸುವ ದಿನ ಊರಿಗೆ ಊರೇ ಬೇಲಿಯ ಬಳಿ ನೆರೆದಿತ್ತು. ನೆಲ ಕ್ಷೇಮವೆಂದು ತೋರಿಸಲು ಬಾಂಬ್ ತೆಗೆದವರೇ ಕೈಕೈ ಹಿಡಿದು, ಸಾಲಾಗಿ, ಹೊಲದುದ್ದಕ್ಕೂ ನಡೆಯುವುದು ಪದ್ಧತಿ. ಸಾಲಿನ ಕೊನೆಯಲ್ಲಿ, ತೊರೆಯ ಬದಿಗೆ, ಮ್ಲಾಡೆನ್ ನಿಂತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಖಾಲಿಯಿದ್ದ ಕೈ ಮಾತ್ರ ತುಸು ಹೊರಕ್ಕೆ ಚಾಚಿತ್ತು.

ಅಮ್ಮ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. "ಅವನ ಕೈ ಹಿಡಿದ್ಯೋ, ಮತ್ತೆ ನನ್ನ ಹೊಸಿಲು ತುಳೀಬೇಡ."

ತೋಳು ಬಿಡಿಸಿಕೊಂಡು ಓಡಿದೆ. ಹಿಂದೆ ಯಾರೋ ಥೂ ಎಂದು ಉಗಿದರು.

"ಏನಾದ್ರೂ ಸಿಡೀತೋ, ನಿನ್ನ ಸುಮ್ನೆ ಬಿಡಲ್ಲ," ಎಂದು ಅವನ ಕೈ ಹಿಡಿದೆ.

"ಸಿಡಿದ್ರೆ ಬೈಸ್ಕೊಳ್ಳೋಕೆ ನಾನೂ ಇರಲ್ಲ. ನಡಿ."

ಅವನ ಅಂಗೈ ಒರಟಾಗಿತ್ತು, ಬೆವೆತಿತ್ತು. ಹೆದರಿದ್ದು ಅವನೋ ನಾನೋ ತಿಳಿಯಲಿಲ್ಲ. ಹೊಲದ ತುದಿ ಮುಟ್ಟಿದಾಗ ಉಳಿದವರೆಲ್ಲ ಕೈ ಬಿಟ್ಟು ಚಪ್ಪಾಳೆ ತಟ್ಟಿದರು.

"ಮುಗೀತಲ್ಲ, ಬಿಡು," ಎಂದೆ.

"ನೀನೇ ಬಿಡು."

ತಿರುಗಿ ನೋಡಿದೆ. ಅಮ್ಮ ಮನೆಯೊಳಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ನಾನು ಕೈ ಬಿಡಲಿಲ್ಲ.