ಬೆಳ್ಳಿಯಲ್ಲಿ ಕಲ್ಲು ಕೂರಿಸಲು ಕಲಿತವಳು

"ನಾಚಿಕೆ ಆಗಲ್ವೇನ್ರೀ ನಿಮಗೆ? ಮೇಣ ಹಾಕಿ ಕಲ್ಲು ಅಂಟಿಸಿ ಕೊಟ್ಟಿದ್ದೀರಲ್ಲ!"

ಕಡೂರಿನ ಸ್ಟೇಷನ್ ರಸ್ತೆಯ ಪುಟ್ಟ ಬೆಳ್ಳಿ ಅಂಗಡಿಯ ಮುಂದೆ ನಿಂತು ಪಂಕಜಾಕ್ಷಿ ಒಂದೇ ಉಸಿರಿಗೆ ಬೈದುಬಿಟ್ಟಳು. ಅಂಗೈಯಲ್ಲಿ ಪಕ್ಕದ ಮನೆ ಅಂಬಮ್ಮನ ಉಂಗುರ. ಕೆಂಪು ಕಲ್ಲು ಕಳಚಿ ಬೇರೆಯಾಗಿ ಬಿದ್ದಿತ್ತು. ಅಂಬಮ್ಮನಿಗೆ ಮಂಡಿನೋವು, ಆದ್ದರಿಂದ ಅವರ ಜಗಳವನ್ನು ಇವಳೇ ಅಜ್ಜಂಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಹೊತ್ತು ತಂದಿದ್ದಳು.

ಅಂಗಡಿಯವನು ತಲೆ ಎತ್ತಿದ. ಮೂವತ್ತರ ಆಸುಪಾಸು. ದೀಪದ ಉರಿ ತಾಗಿ ಒಂದು ಹುಬ್ಬು ಅರ್ಧ ಸುಟ್ಟಿತ್ತು. ಉಂಗುರ ತಗೊಂಡ, ಮೇಣ ಕೆರೆದ, ಬೆಳ್ಳಿಯ ತೆಳು ಪಟ್ಟಿಯೊಂದನ್ನು ಬಾಗಿಸಿ ಕಲ್ಲಿಗೆ ಗೂಡು ಮಾಡಿ ಬೆಸುಗೆ ಹಾಕಿದ. ಆಮೇಲೆ ಕಲ್ಲನ್ನು ಒಳಗಿಟ್ಟು ಗೂಡಿನ ಅಂಚನ್ನು ಒತ್ತತೊಡಗಿದ. ಈ ಕಡೆ ಒಮ್ಮೆ, ಎದುರು ಕಡೆ ಒಮ್ಮೆ. ಬೈಯಲು ಬಂದವಳು ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಳು. ಬೆಳ್ಳಿ ಕಲ್ಲಿನ ಮೇಲೆ ಹಾಗೇ ಮೆಲ್ಲಗೆ ಮಗುಚಿಕೊಂಡಿತು.

"ಎಷ್ಟು ಕೊಡ್ಬೇಕು?"

"ಬೈಸ್ಕೊಂಡಾಯ್ತಲ್ಲ. ಬಿಡಿ."

ಮೆಟ್ಟಿಲಿಳಿದ ಮೇಲೆ ಅವಳ ಕಣ್ಣಿಗೆ ಬಿದ್ದದ್ದು ಕಾಫಿಪುಡಿ ಅಂಗಡಿ. ಅದರ ಬಲಕ್ಕಿರುವ ಅಂಗಡಿ ಎಂದಿದ್ದರು ಅಂಬಮ್ಮ. ಅವಳು ಬೈದು ಬಂದದ್ದು ಎಡಕ್ಕಿರುವವನಿಗೆ.

ಕಿವಿಯವರೆಗೂ ಬಿಸಿಯಾಯಿತು. ವಾಪಸ್ ಹತ್ತಿದಳು. "ಇದು ನಿಮ್ಮ ಕೆಲ್ಸ ಅಲ್ವಾ?"

"ಅಲ್ಲ."

"ಮತ್ತೆ ಹೇಳಬಾರದಿತ್ತಾ?"

"ನೀವು ಎಲ್ಲಾದ್ರೂ ಉಸಿರು ತಗೊಂಡಿದ್ರೆ ಹೇಳ್ತಿದ್ದೆ."

ಪಂಕಜಾಕ್ಷಿ ನಕ್ಕಳು. ನಕ್ಕ ಮೇಲೆ ತನಗೇ ಗಾಬರಿಯಾಯಿತು. ಗಂಡ ಈರಭದ್ರಪ್ಪ ಲಾರಿ ಅಪಘಾತದಲ್ಲಿ ತೀರಿಹೋದ ಮೇಲೆ ಅವಳ ಗಂಟಲಿನಿಂದ ಇಂಥ ಸದ್ದು ಬಂದಿರಲೇ ಇಲ್ಲ. ಅವಳು ಹೀಗೆ ನಕ್ಕದ್ದು ಎಪ್ಪತ್ತೆಂಟನೇ ಇಸವಿಯ ಕಾರ್ತೀಕದಲ್ಲಿ.

ಅಜ್ಜಂಪುರದ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಮಾವ ದೇವೀರಪ್ಪ. ಅವಳ ಅಪ್ಪ ಅಮ್ಮ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಬಾಗಿಲಲ್ಲಿ ಕೂತು ಕಡೂರಿನ ಕಥೆಯನ್ನು ಕೈಸನ್ನೆ ಸಮೇತ ಹೇಳುತ್ತಿದ್ದ ಸೊಸೆಯ ಮುಖವನ್ನೇ ದೇವೀರಪ್ಪ ನೋಡಿದರು.

"ಅದನ್ನ ಕಲಿತೀಯೇನಮ್ಮಾ?" ಎಂದರು.

"ಏನನ್ನ ಮಾವ?"

"ಆ ಕಲ್ಲು ಕೂರಿಸೋದನ್ನ. ನಿನ್ನ ಕೈಗೊಂದು ಕೆಲ್ಸ ಇರ್ಲಿ. ಊರಿನವರು ಮಾತಾಡಿದ್ರೆ ಮಾತಾಡ್ಕಳ್ಳಿ, ನನಗೆ ಕಿವಿ ಮಂದ."

ಅವರ ಕಿವಿಗೆ ಏನೂ ಆಗಿರಲಿಲ್ಲ.

ಮರುವಾರ ಅವರೇ ಅವಳನ್ನು ಕರೆದುಕೊಂಡು ಹೋಗಿ ಷಡಕ್ಷರಿಯನ್ನು ಕೇಳಿದರು. ಬೈಸಿಕೊಂಡವನ ಹೆಸರು ಷಡಕ್ಷರಿ. ಕಲಿಯಲು ಬೆಳ್ಳಿ ತರುವ ಶಕ್ತಿ ನಮಗಿಲ್ಲ ಎಂದು ಅಳುಕುತ್ತಲೇ ಹೇಳಿದರು.

"ಕಲಿಯೋಕೆ ಬೆಳ್ಳಿ ಯಾಕೆ?" ಎಂದ ಷಡಕ್ಷರಿ. "ಒಡೆದ ಬಳೆ ಇದ್ರೆ ತರ್ಲಿ. ಮುರಿದ ಛತ್ರಿ ಇದ್ರೆ ಇನ್ನೂ ಒಳ್ಳೇದು."

ಸಂತೆಯ ಬಳೆಗಾರರು ಬಿಸಾಡಿದ ಗಾಜಿನ ಚೂರುಗಳನ್ನು ಅವಳು ಆರಿಸಿ ತಂದಳು. ಸಾಣೆಕಲ್ಲಿನ ಮೇಲೆ ನೀರು ಬಿಟ್ಟು ತಿಕ್ಕಿ ತಿಕ್ಕಿ ದುಂಡಗೆ ಮಾಡಿದಳು. ಬುಕ್ಕಾಂಬುಧಿ ಕೆರೆ ಏರಿಯಲ್ಲಿ ಸಿಕ್ಕ ಬಿಳಿ ಹರಳುಗಲ್ಲುಗಳನ್ನೂ ಸೆರಗಿಗೆ ಕಟ್ಟಿಕೊಂಡು ಬಂದಳು. ಛತ್ರಿ ಕಡ್ಡಿಯ ತುದಿ ಉಜ್ಜಿ ನಯ ಮಾಡಿ ಷಡಕ್ಷರಿ ಅವಳಿಗೊಂದು ಒತ್ತುಗೋಲು ಮಾಡಿಕೊಟ್ಟ. ಸೈಕಲ್ ಸ್ಪೋಕು ಉಳಿಯಾಯಿತು. ಬೆಳ್ಳಿಯ ಬದಲು ಹಳೇ ಟಾರ್ಚಿನ ಹಿತ್ತಾಳೆ.

"ಒಂದೇ ಕಡೆ ಒತ್ತಬೇಡಿ, ಕಲ್ಲು ವಾಲುತ್ತೆ. ಎದುರುಬದುರು ಒತ್ತಿ. ಹಾಂ, ಹಂಗೆ. ಹಲ್ಲು ಕಚ್ಚೋದು ಬೇಡ, ಹಲ್ಲಿಂದ ಒತ್ತಲ್ಲ ಅದನ್ನ."

"ಮೇಷ್ಟ್ರು ತುಂಬ ಮಾತಾಡ್ತಾರೆ."

"ವಿದ್ಯಾರ್ಥಿನಿ ಮೊದಲ ದಿನವೇ ಎಲ್ಲಾ ಮಾತು ಖರ್ಚು ಮಾಡ್ಕೊಂಡ್ರು. ಇನ್ನೇನು ಮಾಡ್ಲಿ?"

ಅವಳು ತಲೆ ಬಗ್ಗಿಸಿ ನಗು ನುಂಗುತ್ತಿದ್ದಳು. ಅವನಿಗೂ ಅದು ಗೊತ್ತಾಗುತ್ತಿತ್ತು, ಯಾಕೆಂದರೆ ಆಗ ಅವಳ ಒತ್ತುಗೋಲು ಜಾರುತ್ತಿತ್ತು.

ಮೊದಲ ಸಲ ನಿಜವಾದ ಬೆಳ್ಳಿ ಕೊಟ್ಟಾಗ ಅವಳು ಊದುಕೊಳವೆಯಲ್ಲಿ ದೀಪದ ಉರಿಯನ್ನು ಜೋರಾಗಿ ಊದಿ ಗೂಡನ್ನೇ ಕರಗಿಸಿಬಿಟ್ಟಳು. ಬೆಳ್ಳಿ ಒಂದು ಗುಂಡಾಗಿ ಕೂತಿತು. ಅವಳ ಕಣ್ಣು ತುಂಬಿತು.

"ಇಷ್ಟಕ್ಕೆ ಅಳೋದೇನ್ರೀ? ಬಡಿದರೆ ಮತ್ತೆ ಪಟ್ಟಿ ಆಗುತ್ತೆ," ಎಂದು ಅವನು ಸುತ್ತಿಗೆ ಎತ್ತಿಕೊಂಡ. "ನಾನು ಕಲಿಯೋವಾಗ ಹುಬ್ಬನ್ನೇ ಸುಟ್ಕೊಂಡೆ. ಅದನ್ನ ಬಡಿದ್ರೂ ಬರ್ಲಿಲ್ಲ."

ವರ್ಷ ತಿರುಗುವಷ್ಟರಲ್ಲಿ ಅವಳು ಅವನ ಗಿರಾಕಿಗಳ ಕಲ್ಲು ಕೂರಿಸುತ್ತಿದ್ದಳು. ಒಂದು ಮಧ್ಯಾಹ್ನ ಹಸಿರು ಕಲ್ಲಿನ ಉಂಗುರ ಮುಗಿಸಿ ಕೊಟ್ಟಾಗ ಷಡಕ್ಷರಿ, "ಒಂದ್ಸಲ ಹಾಕಿ ನೋಡಿ, ಅಂಚು ತರಚುತ್ತಾ ಅಂತ," ಎಂದ.

ಗಂಡ ಹೋದ ಮೇಲೆ ಬರಿದಾಗಿದ್ದ ತನ್ನ ಕೈಯನ್ನು ಅವಳು ನೋಡಿಕೊಂಡಳು. ಅವನಿಗೆ ಆಗ ಹೊಳೆಯಿತು, ಆದರೆ ಮಾತು ಹಿಂದಕ್ಕೆ ಬರಲಿಲ್ಲ. ಪಂಕಜಾಕ್ಷಿ ನಿಧಾನಕ್ಕೆ ಉಂಗುರ ಏರಿಸಿದಳು. ತೆಗೆಯಲು ಹೋದರೆ ಬರಲಿಲ್ಲ.

"ಅಯ್ಯೋ, ಸಿಕ್ಕಾಕ್ಕೊಂಡ್ತು!"

ಅವನು ಸೋಪಿನ ನೀರು ತಂದ. ಅವಳ ಬೆರಳನ್ನು ಹಿಡಿದು, ಕಲ್ಲು ಹಿಡಿಯುವಷ್ಟೇ ಹುಷಾರಾಗಿ, ಉಂಗುರವನ್ನು ತಿರುಗಿಸಿ ತಿರುಗಿಸಿ ಹೊರತಂದ. ಉಂಗುರ ಬಂತು. ಕೈ ಮಾತ್ರ ಅವನ ಕೈಯಲ್ಲೇ ಉಳಿಯಿತು. ಎಳೆದುಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

"ಪಂಕಜಾಕ್ಷಿ," ಎಂದ. ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಿಮ್ಮ ಮಾವನವರ ಹತ್ರ ಬಂದು ಕೇಳ್ಲಾ?"

ಅವಳು ಹೇಳಬೇಕಾದದ್ದು ಒಂದು, ಬಾಯಲ್ಲಿ ಬಂದದ್ದು ಇನ್ನೊಂದು. "ನೀವು ಏನು ಹೇಳಿದ್ರೂ ನಾನು ಇಲ್ಲ ಅನ್ನೋಕಾಗುತ್ತಾ? ನಿಮ್ಮ ಋಣ ಅಷ್ಟಿದೆ."

ಷಡಕ್ಷರಿ ಕೈ ಬಿಟ್ಟ. ಬಹಳ ಹೊತ್ತು ಉಂಗುರವನ್ನೇ ಒರೆಸಿದ. "ಕಲಿಯೋದೆಲ್ಲ ಕಲಿತಾಯ್ತು," ಎಂದ ಕೊನೆಗೆ, ಮೆಲ್ಲಗೆ. "ಇನ್ಮೇಲೆ ಕೆಲಸ ಊರಿಗೇ ಕಳಿಸ್ಕೊಡ್ತೀನಿ. ಋಣ ತೀರಿಸೋಕೆ ಅಂತ ಯಾರೂ ನನ್ನ ಮನೆಗೆ ಬರೋದು ಬೇಡ."

ಹೇಳಿದಂತೆ ಕೆಲಸ ಬರುತ್ತಿತ್ತು, ಬಸ್ಸಿನ ಡ್ರೈವರ್ ಲಕ್ಕಣ್ಣನ ಕೈಯಲ್ಲಿ. ಪೊಟ್ಟಣದೊಳಗೆ ಬೆಳ್ಳಿ, ಕಲ್ಲು. ಮಾತು ಮಾತ್ರ ಇರುತ್ತಿರಲಿಲ್ಲ. ಊರಿನ ಹೆಂಗಸರೂ ಮೂಗುತಿ, ಉಂಗುರ ತಂದು ಕೊಡತೊಡಗಿದರು. ಕೈ ತಪ್ಪುತ್ತಿರಲಿಲ್ಲ. ಆದರೆ ಗೆಲುವಿಲ್ಲ. ಎದುರಿಗೆ ತಮಾಷೆ ಮಾಡುವವರಿಲ್ಲದೆ ಒತ್ತುಗೋಲು ಜಾರುತ್ತಲೂ ಇರಲಿಲ್ಲ.

ದೇವೀರಪ್ಪ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟರು. "ಯಾಕಮ್ಮಾ, ಜಗಳ ಆಡಿದ್ಯಾ?"

"ಇಲ್ಲ ಮಾವ. ಆಡಿದ್ರೆ ಚೆನ್ನಾಗಿತ್ತು."

"ಹಂಗಾದ್ರೆ ಹೋಗಿ ಆಡು. ಮನಸ್ಸು ಇದೆಯೇನು ಅವನ ಮೇಲೆ?"

ಅವಳು ನೆಲ ನೋಡಿದಳು. ಕಣ್ಣೀರು ತೊಟ್ಟಿಕ್ಕಿತು.

"ನಮ್ಮ ಹುಡುಗ ಇದ್ದಾಗ ನೀನು ಅವನನ್ನ ಚೆನ್ನಾಗಿ ನೋಡ್ಕೊಂಡೆ," ಎಂದರು ದೇವೀರಪ್ಪ. "ಅಷ್ಟು ಸಾಕು ಕಣಮ್ಮಾ. ಮಠದ ಸ್ವಾಮಿ ಬುದ್ದಿಯೋರ ಹತ್ರಾನೂ ಮಾತಾಡಿದ್ದೀನಿ, ತಪ್ಪೇನಿಲ್ಲ ಅಂದ್ರು. ಹೊರಡು, ನಾನೂ ಬತ್ತೀನಿ."

ಕಡೂರಿನ ಅಂಗಡಿಯಲ್ಲಿ ದೇವೀರಪ್ಪ ಮೂಲೆಯ ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡರು. ಷಡಕ್ಷರಿ ಎದ್ದು ನಿಂತ. ಕೂರಿ ಎನ್ನುವುದೂ ಮರೆತುಹೋಗಿತ್ತು.

"ನಿಮ್ಮ ಋಣ ಇದೆ," ಎಂದಳು ಪಂಕಜಾಕ್ಷಿ. "ಇಲ್ಲ ಅನ್ನಲ್ಲ. ನಾನು ಈವತ್ತು ತಲೆ ಎತ್ತಿ ಓಡಾಡ್ತಿದ್ದೀನಿ ಅಂದ್ರೆ ಅದು ನಿಮ್ಮಿಂದ, ಮಾವನಿಂದ. ಲಕ್ಕಣ್ಣ ಮಳೇಲಿ ಪೊಟ್ಟಣ ತಂದ್ಕೊಡ್ತಾನೆ, ಅವನ ಋಣನೂ ಇದೆ. ಅಂಬಮ್ಮನ ಮಂಡಿನೋವಿನ ಋಣನೂ ಇದೆ. ಎಲ್ಲರನ್ನೂ ಮದುವೆ ಆಗೋಕಾಗುತ್ತೇನ್ರೀ?"

ಪೇಪರ್ ಒಮ್ಮೆ ಅಲುಗಾಡಿತು.

"ನೀವು ಎದುರಿಗೆ ಕೂತು ರೇಗಿಸ್ದೆ ಇದ್ರೆ ನನಗೆ ದಿನ ಹೋಗಲ್ಲ. ಅದಕ್ಕೆ ಬಂದೆ. ಇದು ಋಣ ಅಲ್ಲ, ಸ್ವಾರ್ಥ. ಬೇಕಿದ್ರೆ ಒಪ್ಕೊಳ್ಳಿ."

ಷಡಕ್ಷರಿಯ ಅರ್ಧ ಹುಬ್ಬು ಮೇಲೇರಿತು. ಕಣ್ಣಂಚಿನಲ್ಲಿ ನೀರು, ತುಟಿಯಲ್ಲಿ ನಗು. "ಈ ಸಲ ಉಸಿರು ತಗೊಂಡೇ ಬೈದ್ರಿ," ಎಂದ. ಆಮೇಲೆ, "ಒಪ್ಕೊಂಡೆ."

"ಆಯ್ತೇನ್ರಪ್ಪಾ?" ಪೇಪರಿನ ಹಿಂದಿನಿಂದ ದೇವೀರಪ್ಪ ಕೇಳಿದರು. "ನನಗೆ ಏನೂ ಕೇಳಿಸ್ಲಿಲ್ಲ. ಗಾಡಿಗೆ ಹೊತ್ತಾಯ್ತು, ಅಷ್ಟೇ ಹೇಳ್ದೆ."

ಷಡಕ್ಷರಿ ಅಂಗಡಿಯನ್ನು ಅಜ್ಜಂಪುರಕ್ಕೇ ತರುವುದೆಂದು ಮಾತಾಯಿತು, ಮೂವರೂ ಒಂದೇ ಮನೆಯಲ್ಲಿರಲು. ಮದುವೆ ಮಠದ ಹಜಾರದಲ್ಲಿ, ಹತ್ತಿರದ ಕೆಲವೇ ಜನರ ನಡುವೆ. ಅಂಬಮ್ಮ ಮಂಡಿ ಹಿಡಿದುಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂತರು.

ಪಂಕಜಾಕ್ಷಿ ಹಸೆಯ ಮೇಲೆ ಕೂತಳು. ಶಾಸ್ತ್ರ ಮಾಡಿಸಲು ಬಂದ ಅಯ್ಯನವರು ಬೇರೆ ಊರಿನವರು, ಮನೆಯ ಕಥೆ ಅವರಿಗೆ ತಿಳಿಯದು. ಸುತ್ತ ನೋಡಿ ಕೇಳಿದರು: "ಹೆಣ್ಣಿನ ತಂದೆ ಎಲ್ಲಿ? ಮುಂದೆ ಬರ್ಬೇಕು."

ಪಂಕಜಾಕ್ಷಿಯ ತಲೆ ಬಗ್ಗಿತು.

ಕಂಬಕ್ಕೊರಗಿ ಕೂತಿದ್ದ ದೇವೀರಪ್ಪ ಎದ್ದರು, ಪಂಚೆ ಕೊಡವಿ ಸರಿಮಾಡಿಕೊಂಡರು.

"ನಾನೇ ಕಣ್ರೀ," ಎಂದು ಬಂದು ಅವಳ ಪಕ್ಕದಲ್ಲಿ ಕೂತರು.